ಆಲೆಮನೆಯಲ್ಲಿ ಕರಾವಳಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ನಮ್ಮಕ್ಕ ರತ್ನಳಿಗೆ ಬಂದ ಸರ್ಕಾರಿ ಟೀಚರ್ ಕೆಲಸಕ್ಕೆ ಕಲ್ಲು ಹಾಕಿದವರು ಊರಿನ ಹೊಟ್ಟೆಕಿಚ್ಚಿನವರಲ್ಲ, ಇಲಾಖೆಯ ಗುಮಾಸ್ತರೂ ಅಲ್ಲ. ಅವಳ ಬೆನ್ನಿಗೆ ಬಿದ್ದ ತಮ್ಮ, ಅಂದರೆ ನಾನು. ಅದರಿಂದ ನನಗೆ ಆಗಬೇಕಾದ್ದು ಏನೂ ಇರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಇಬ್ಬರು ಗೆಳೆಯರು ಇನ್ನೊಂದು ಸಲ ಹೊಟ್ಟೆ ಹಿಡಿದುಕೊಂಡು ನಗಲಿ ಎಂಬುದಷ್ಟೇ ಆಸೆ. ಅವರು ನಕ್ಕರು. ಅರ್ಧ ಗಂಟೆ ನಕ್ಕರು. ಆ ಅರ್ಧ ಗಂಟೆಯನ್ನು ವಾಪಸು ತರಲು ನಾನು ಹತ್ತು ದಿನ ಊರೂರು ಅಲೆದೆ, ಬಸ್ಸು ಹತ್ತಿದೆ, ಕಾಲಿಗೆ ಬಿದ್ದೆ, ಕೊನೆಗೆ ನಮ್ಮಜ್ಜಿಯನ್ನು ಕುದಿಯುವ ಕೊಪ್ಪರಿಗೆಯ ಪಕ್ಕ ಕೂರಿಸಿದೆ. ಇದನ್ನು ಕೇಳಿದವರು ನನ್ನನ್ನು ಕಟುಕ ಎಂದುಕೊಳ್ಳುವ ಮೊದಲು ಉಳಿದದ್ದನ್ನೂ ಕೇಳಲಿ.

ನಮ್ಮದು ಚಾಮರಾಜನಗರ ಸೀಮೆಯ ಕುದೇರಿನ ಮಗ್ಗುಲಿನ ಒಂದು ಹಳ್ಳಿ. ತೊಟ್ಟಿಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಕಂಬಗಳು, ಮುಂದೆ ಜಗಲಿ, ಹಿಂದೆ ಕೊಟ್ಟಿಗೆ. ಯಾರು ಎಲ್ಲಿ ಪಿಸುಗುಟ್ಟಿದರೂ ಮಾತು ತೊಟ್ಟಿಗೆ ಇಳಿದು ಎಲ್ಲರ ಕಿವಿಗೂ ಹಂಚಿಕೆಯಾಗುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಮುದ್ದೆ ತಿರುವುವಾಗ ಗೊಣಗಿದ್ದು ಕೊಟ್ಟಿಗೆಯಲ್ಲಿದ್ದ ಅಪ್ಪನಿಗೆ ಕೇಳಿಸಿ, ಅಪ್ಪ ಹಸುವಿಗೆ ಹೇಳಿದಂತೆ ಹೇಳಿದ ಉತ್ತರ ಅಮ್ಮನಿಗೆ ಕೇಳಿಸಿ, ಇಬ್ಬರೂ ಮುಖ ನೋಡದೆಯೇ ಒಂದು ಪೂರ್ತಿ ಜಗಳವನ್ನು ಆಡಿ ಮುಗಿಸುತ್ತಿದ್ದರು. ಇಂಥ ಮನೆಯಲ್ಲಿ ಹುಟ್ಟಿದ ನನಗೆ ಬೇರೆಯವರ ದನಿ ಗಂಟಲಿಗೆ ಅಂಟಿಕೊಂಡಿದ್ದು ಆಶ್ಚರ್ಯವಲ್ಲ. ಹತ್ತನೇ ಕ್ಲಾಸಿನಲ್ಲಿ ಒಂದು ಸಲ ಫೇಲಾಗಿ ಮನೆಯಲ್ಲಿದ್ದೆ. ಪುಸ್ತಕದಲ್ಲಿದ್ದದ್ದು ಒಂದೂ ತಲೆಗೆ ಹತ್ತುತ್ತಿರಲಿಲ್ಲ, ಆದರೆ ಒಬ್ಬರು ಒಂದು ಸಲ ಕೆಮ್ಮಿದರೆ ಸಾಕು, ಆ ಕೆಮ್ಮು ಜನ್ಮಕ್ಕಾಗುವಷ್ಟು ಬಾಯಿಪಾಠ. ಕುದೇರಿನ ಬಸ್ಸಿನ ಕಂಡಕ್ಟರ್, ಪಂಪ್‌ಸೆಟ್ಟು, ಮೊಟ್ಟೆಯಿಡುವ ಪಕ್ಕದ ಮನೆಯ ಕೋಳಿ, ನನ್ನ ಗಣಿತದ ಅಂಕವನ್ನು ತರಗತಿಗೆ ಓದಿ ಹೇಳಿದ ಹೆಡ್‌ಮೇಷ್ಟ್ರು, ಅದನ್ನು ಕೇಳಿ ಮೂಗೊರೆಸಿಕೊಂಡ ನಾನು, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದರು. ಎಲ್ಲರಿಗಿಂತ ಹೆಚ್ಚು ಬೇಡಿಕೆ ಇದ್ದದ್ದು ಭೀಮನಬೀಡಿನ ನಂಜಪ್ಪ ಮಾವನಿಗೆ. ನಂಜಪ್ಪ ಮಾವ ಅಮ್ಮನ ಅಣ್ಣ. ಕರೆಂಟು ಕಂಬ ಹತ್ತುವ ಕೆಲಸ. ಎರಡು ವರ್ಷ ಕುಂದಾಪುರದ ಕಡೆ ಇದ್ದು ವರ್ಗ ಮಾಡಿಸಿಕೊಂಡು ಬಂದಿದ್ದ. ಎರಡು ಬೆರಳಲ್ಲಿ ನಸ್ಯ ಏರಿಸಿ, ಗಂಟಲಲ್ಲಿ ಒಂದು ಸಣ್ಣ ಗುಟುರು ಹಾಕಿ, 'ಯೋಳ್ಬಾರ್ದು, ಯೋಳ್ತೀನಿ' ಎಂದೇ ಪ್ರತಿ ಮಾತನ್ನೂ ಶುರುಮಾಡುತ್ತಿದ್ದ. ಹೇಳಬಾರದ್ದು ಅವನ ಬಳಿ ಅದೆಷ್ಟಿತ್ತೋ, ಹೇಳದೆ ಉಳಿದದ್ದು ಮಾತ್ರ ಒಂದೂ ಇರಲಿಲ್ಲ.

ಆ ಮನೆಯ ಯಜಮಾನಿಕೆ ಅಪ್ಪನದಲ್ಲ, ಅಜ್ಜಿಯದು. ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಮನುಷ್ಯರೋ ಕಂಬವೋ ಎಂಬುದಷ್ಟು ಮಾತ್ರ ಗೊತ್ತಾಗುತ್ತಿತ್ತು, ಆದರೆ ಮನೆಯಲ್ಲಿ ಏನೇ ಆಗಬೇಕಾದರೂ ಅವಳು 'ಊ' ಎನ್ನಬೇಕು. ಬೆಳಗಾಗುವ ಮುಂಚೆ ಮಿಂದು, ನಡುಮನೆಯ ಮೂಲೆಯಲ್ಲಿ ಮಣೆ ಹಾಕಿ ಕೂತು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಅಷ್ಟು ಹೊತ್ತು ಪಕ್ಕದ ಮನೆಯ ಹುಂಜ ಕೂಡ ಕೂಗಲು ಹಿಂದೆಮುಂದೆ ನೋಡುತ್ತಿತ್ತು. ಪೂಜೆ ಮುಗಿದ ಮೇಲೆ ಮೂರು ಬೆರಳಲ್ಲಿ ಹಣೆಗೆ ವಿಭೂತಿ ಎಳೆದರೆ, ಆ ಮೂರು ಗೆರೆ ದಿನವೆಲ್ಲ ಗೋಡೆಗೆ ಸುಣ್ಣ ಬಳಿದಂತೆ ಇರಬೇಕು. ಹಣೆಯಲ್ಲಿ ವಿಭೂತಿ ಇಲ್ಲದೆ ತುತ್ತು ಎತ್ತುವಂತಿಲ್ಲ. ಅಳಿಸಿಹೋಯಿತೆಂದು ಹಾಗೇ ಇನ್ನೊಮ್ಮೆ ಇಟ್ಟುಕೊಳ್ಳುವಂತೆಯೂ ಇಲ್ಲ, ಮತ್ತೆ ಮಿಂದು, ಮತ್ತೆ ಪೂಜೆ ಮಾಡಿಯೇ ಇಡಬೇಕು. ಇದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ, ಅಜ್ಜಿಯ ಶಾಸ್ತ್ರದಲ್ಲಿತ್ತು. ಅದು ನಮಗೆಲ್ಲ ಸಾಕಾಗಿತ್ತು.

ಮಾಗಿಯ ಒಂದು ಮಧ್ಯಾಹ್ನ ಅಕ್ಕನ ಆರ್ಡರು ಬಂತು. ಕುಂದಾಪುರದ ಕಡೆ ಸಮುದ್ರಕ್ಕೆ ಹತ್ತಿರದ ಒಂದು ಪ್ರಾಥಮಿಕ ಶಾಲೆ. ಹದಿನೈದು ದಿನದೊಳಗೆ ಹಾಜರಾಗಬೇಕು, ತಪ್ಪಿದರೆ ಆ ಜಾಗ ಬೇರೆಯವರಿಗೆ. ಅಕ್ಕ ಆ ಕಾಗದವನ್ನು ಓದಿ, ಇನ್ನೊಮ್ಮೆ ಓದಿ, ಮಡಿಸಿ, ಬಿಚ್ಚಿ, ಮತ್ತೆ ಓದಿದಳು. ನಮ್ಮ ಮನೆತನದಲ್ಲಿ ಸಂಬಳ ತರುವ ಮೊದಲ ಹೆಣ್ಣುಮಗಳು ಆಗುತ್ತಿದ್ದಳು. ಒಬ್ಬಳನ್ನೇ ಅಷ್ಟು ದೂರ ಕಳಿಸುವುದಿಲ್ಲ ಎಂದು ಅಪ್ಪ ಮೊದಲೇ ಹೇಳಿದ್ದ. ಜೊತೆಗೆ ಹೋಗುವವರು ಯಾರು? ಅಪ್ಪನಿಗೆ ಹೊಲ. ಅಮ್ಮನಿಗೆ ಎರಡು ಹಸು, ಒಂದು ಕರು, ಒಬ್ಬ ಫೇಲಾದ ಮಗ. ನನ್ನನ್ನು ಕಾವಲಿಗೆ ಕಳಿಸಿದರೆ ನನ್ನನ್ನು ಕಾಯಲು ಇನ್ನೊಬ್ಬರು ಬೇಕು. ಉಳಿದವಳು ಅಜ್ಜಿ. ಅಜ್ಜಿ ಅಂದು ಮಧ್ಯಾಹ್ನ ಎರಡನೇ ಮಾತಿಲ್ಲದೆ ಒಪ್ಪಿಬಿಟ್ಟಳು.

"ನಂಗೇನ್ ಒಲವಾ, ದನವಾ? ನಾನೇ ಓಯ್ತೀನಿ ಬುಡಿ ಮಗ್ಳ ಜೊತೇಲಿ."

ಅಕ್ಕ ಅಜ್ಜಿಯ ಕಾಲಿಗೆ ಬಿದ್ದು ಎದ್ದು, ಊರೊಳಗೆ ತನ್ನ ಗೆಳತಿಯರಿಗೆ ಹೇಳಲು ಓಡಿದಳು. ಅಪ್ಪ ಅಮ್ಮ ಹೊಲಕ್ಕೆ ಹೋದರು. ಜಗಲಿಯಲ್ಲಿ ನಾನು, ನನ್ನ ಇಬ್ಬರು ಗೆಳೆಯರು. ಕರಾವಳಿಯ ಸುದ್ದಿ ಬಂದ ಮೇಲೆ ನಂಜಪ್ಪ ಮಾವ ಬಾರದೆ ಇರುತ್ತಾನೆಯೇ? ಮೂಗಿಗೆ ಬೆರಳಿಟ್ಟೆ, ಗುಟುರು ಹಾಕಿದೆ, 'ಯೋಳ್ಬಾರ್ದು, ಯೋಳ್ತೀನಿ' ಎಂದೆ. ಒಳಗಿನಿಂದ ಅಜ್ಜಿಯ ದನಿ ಬಂತು.

"ಯಾರ್ಲಾ ಅದು ಜಗಲೀಲಿ? ನಂಜಪ್ಪನಾ? ಯಾವಾಗ್ ಬಂದೆ?"

ಆ ಕ್ಷಣದಲ್ಲಿ 'ನಾನು ಕಣಜ್ಜಿ, ಗುರು' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೆಳೆಯರು ನನ್ನನ್ನೇ ನೋಡುತ್ತಿದ್ದರು. ಒಬ್ಬನಂತೂ ಆಗಲೇ ಟವೆಲ್ಲನ್ನು ಬಾಯಿಗೆ ತುರುಕಿಕೊಂಡಿದ್ದ. ನಾನು ನಂಜಪ್ಪ ಮಾವನಾಗಿಯೇ ಉತ್ತರ ಕೊಟ್ಟೆ.

"ಈಗ್ಲೇ ಬಂದೆ ಅತ್ತೆಮ್ಮ. ಕುದೇರಲ್ಲಿ ಒಂದ್ ಕೆಲ್ಸ ಇತ್ತು. ಬಸ್ಗೆ ಒತ್ತಾಯ್ತದ, ಒಳಕ್ ಬರಕಿಲ್ಲ."

"ಬಂದಿದ್ದು ಒಳ್ಳೇದಾಯ್ತು ಕಣಪ್ಪ. ರತ್ನಿಗೆ ಆ ಸಮುದ್ರದ್ ಕಡೆ ಕೆಲ್ಸ ಆಗದ. ನಾನೂ ಓಯ್ತಿವ್ನಿ. ನೀನ್ ಎರಡೊರ್ಷ ಇದ್ ಬಂದೋನು. ಎಂಗದ ಆ ಸೀಮೆ?"

"ಯೋಳ್ಬಾರ್ದು ಅತ್ತೆಮ್ಮ, ಯೋಳ್ತೀನಿ. ಅದು ಊರಲ್ಲ, ಇಡ್ಲಿ ಬೇಯ್ಸೋ ಪಾತ್ರೆ. ಒಳಗಿರೋ ಇಡ್ಲಿ ನಾವು."

"ಅಯ್ ಶಿವ್ನೆ!"

"ಕಬ್ಬಿಣದ್ ಟ್ರಂಕ್ ತಕ್ಕೊಂಡೋಗಿದ್ದೆ. ಆರ್ ತಿಂಗ್ಳಿಗೆ ತುಕ್ ಇಡ್ದು ಬೆಲ್ಲದ್ ಪುಡಿಯಂಗ್ ಉದ್ರೋಯ್ತು. ಚಿಲಕ ಒಂದ್ ಉಳ್ಕತ್ತು, ಅದ್ನೇ ತಂದಿವ್ನಿ."

"ರಾಗಿ ಸಿಕ್ತದ?"

"ರಾಗಿ ತೋರ್ಸುದ್ರೆ ಗುಬ್ಬಿಗಾಕೋ ಕಾಳಾ ಅಂತ ಕೇಳ್ತರ ಅಲ್ಲಿ."

"ಓಗ್ಲಿ ಬುಡು, ಉಣ್ಣೋದು ಎಂಗೋ ಆಯ್ತದ. ಪೂಜೆಗೇನೂ ತೊಂದ್ರೆ ಇಲ್ವಲ್ಲ?"

ನಾಟಕ ಅಲ್ಲಿಗೆ ಮುಗಿಸಬಹುದಿತ್ತು. ಗೆಳೆಯರು ಕಂಬ ಹಿಡಿದು ಉಸಿರು ಕಟ್ಟಿ ನಗುತ್ತಿದ್ದರು. ಇನ್ನೊಂದೇ ಒಂದು, ಎಂದುಕೊಂಡೆ.

"ಅದೇ ತೊಂದ್ರೆ ಅತ್ತೆಮ್ಮ. ಅಣೆ ಮ್ಯಾಲೆ ಈಬೂತಿ ನಿಲ್ಲಕಿಲ್ಲ. ಮೂರ್ನೇ ಗೆರೆ ಎಳ್ಯದ್ರೊಳ್ಗೆ ಮೊದಲ್ನೇ ಗೆರೆ ಮೂಗಿನ್ ತುದೀಲಿ ತೊಟ್ಟಿಕ್ತಿರ್ತದ. ಎರಡೊರ್ಷ ನಾನು ಬೋಳ್ ಅಣೇಲೇ ಉಂಡಿವ್ನಿ."

ಒಳಗೆ ಅಜ್ಜಿ ಮೆಲ್ಲಗೆ 'ಶಿವಶಿವಾ' ಎಂದಳು. ನಗುತ್ತಿದ್ದವರಿಗೂ ಅದು ಕೇಳಿಸಿತು, ಇಬ್ಬರೂ ಒಂದೊಂದು ನೆಪ ಹೇಳಿ ಜಾಗ ಖಾಲಿ ಮಾಡಿದರು. ಸಂಜೆ ಎಲ್ಲರೂ ತೊಟ್ಟಿಯ ಸುತ್ತ ಊಟಕ್ಕೆ ಕೂತಾಗ, ಅಮ್ಮ ಮುದ್ದೆಗೆ ಉಪ್ಪೆಸರು ಬಿಡುತ್ತಿರುವಾಗ, ಅಜ್ಜಿ ತಟ್ಟೆಯನ್ನು ಮುಂದಕ್ಕೆ ಸರಿಸಿ ಹೇಳಿದಳು.

"ನಾ ಬರಕಿಲ್ಲ ಕಣ್ಲಾ ಮಗ. ಆ ಕಾಗದವ ವಾಪಸ್ ಕಳ್ಸ್ಬುಡು. ಉಪಾಸ ಬಿದ್ದು ಸಾಯಕ್ಕೆ ಅಷ್ಟ್ ದೂರ ಯಾಕ್ ಓಗ್ಬೇಕು?"

ಅಕ್ಕನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅಪ್ಪ ಏನಾಯಿತೆಂದು ಕೇಳಿದರೆ ಅಜ್ಜಿ ಒಂದೇ ಮಾತು ಹೇಳಿದಳು: 'ಇದ್ದು ಬಂದೋನೇ ಯೋಳವ್ನೆ.' ಯಾರು ಎಂದು ಅಪ್ಪ ಕೇಳಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅಮ್ಮನ ಹೊಟ್ಟೆಯಲ್ಲಿದ್ದ ಹೆದರಿಕೆಗಳೂ ಹೊರಬಿದ್ದವು. ಒಂದು ಹೆದರಿಕೆಗೆ ಬಾಗಿಲು ತೆರೆದರೆ ಉಳಿದವೆಲ್ಲ ಸಂತೆಗೆ ಬಂದಂತೆ ಬರುತ್ತವೆ. ಅಲ್ಲಿನ ನೀರಿಗೆ ಕೂದಲು ಉದುರಿ ಹುಡುಗಿ ಬೋಳಾದರೆ? ಬಿಸಿಲಿಗೆ ಕಪ್ಪಾದರೆ ಗಂಡು ಸಿಗುತ್ತದೆಯೇ? ಸಾರಿಗೆಲ್ಲ ಕೊಬ್ಬರಿ ಎಣ್ಣೆಯ ಒಗ್ಗರಣೆಯಂತೆ, ತಲೆಗೆ ಹಚ್ಚುವುದನ್ನು ಬಾಯಿಗೆ ಇಡುವುದು ಹೇಗೆ? ಕೆಂಪಗೆ, ದಪ್ಪಗೆ ಇರುವ ಆ ಕುಚ್ಚಲಕ್ಕಿ ಅರಗುತ್ತದೆಯೇ? ಪಕ್ಕದ ಮನೆಯಲ್ಲಿ ಮೀನು ಹುರಿದರೆ ನಮ್ಮ ಲಿಂಗಪೂಜೆಯ ಗತಿ ಏನು? ಮಾರನೇ ದಿನದಿಂದ ಊರವರೂ ಬಂದು ತಮ್ಮ ತಮ್ಮ ಪಾಲಿನದನ್ನು ಜಗಲಿಯ ಮೇಲೆ ಇಳಿಸಿ ಹೋದರು. ಅಲ್ಲಿ ಮಳೆ ಶುರುವಾದರೆ ಮೂರು ತಿಂಗಳು ಬಟ್ಟೆ ಒಣಗುವುದಿಲ್ಲ. ಹಾವುಗಳು ಹಾಸಿಗೆಗೇ ಬರುತ್ತವೆ. ಸಮುದ್ರ ಒಂದು ದಿನ ಮನಸ್ಸು ಮಾಡಿ ಮೇಲೆ ಬಂದರೆ ಓಡುವುದು ಎಲ್ಲಿಗೆ? ಇವರಲ್ಲಿ ಒಬ್ಬರೂ ಮೈಸೂರಿನಿಂದ ಆಚೆಗೆ ಹೋದವರಲ್ಲ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದರು.

ಅಕ್ಕ ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಮೂರನೇ ದಿನ, ನಾನು ಹಿತ್ತಲಲ್ಲಿ ಹಸುವಿಗೆ ನೀರು ಕುಡಿಸುತ್ತಿರುವಾಗ ಬಂದು ಎದುರಿಗೆ ನಿಂತಳು.

"ನಂಜಪ್ಪ ಮಾವ ಅವತ್ತು ಮಧ್ಯಾಹ್ನ ಬಂದಿದ್ದ್ನಂತೆ."

"ಊ, ಅಂಗಂತೆ."

"ಬಂದೋನು ತಂಗೀನ ನೋಡ್ದೆ ಓದ್ನಾ? ಒಂದ್ ಲೋಟ ನೀರೂ ಕುಡೀದೆ? ಜಗಲೀಲಿ ಒಂದ್ ಚೂರು ನಸ್ಯಾನೂ ಉದ್ರುಸ್ದೆ?"

ನಾನು ಹಸುವನ್ನು ನೋಡಿದೆ. ಹಸುವೂ ನನ್ನ ಪರವಾಗಿ ಏನೂ ಹೇಳಲಿಲ್ಲ. ಅಕ್ಕ ನನ್ನ ಕಿವಿ ಹಿಡಿದಳು. ತಿರುಚಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಅದು ಇನ್ನೂ ಭಯವಾಗಿತ್ತು.

"ಎರಡೊರ್ಷ ಓದಿವ್ನಿ ಕಣ್ಲಾ ಗುರು ಈ ಒಂದ್ ಕಾಗದಕ್ಕೆ. ನೀನ್ ಕೆಡ್ಸಿದ್ದು, ನೀನೇ ಸರಿಮಾಡು."

ಸರಿಮಾಡುವುದು ಸುಲಭ ಎಂದುಕೊಂಡೆ. ಹೋಗಿ ನಿಜ ಹೇಳಿದರಾಯಿತು, ಅಜ್ಜಿ ನಾಲ್ಕು ಬೈಯುತ್ತಾಳೆ, ಬೈಯಲಿ. ನಡುಮನೆಗೆ ಹೋಗಿ ಅಜ್ಜಿಯ ಕಾಲು ಹಿಡಿದು, ಅಂದು ಜಗಲಿಯಲ್ಲಿ ಮಾತಾಡಿದ್ದು ಮಾವನಲ್ಲ, ನಾನು ಎಂದೆ. ಅಜ್ಜಿ ನನ್ನ ತಲೆ ಸವರಿದಳು. ಅವಳ ಮುಖದಲ್ಲಿ ನಗು ಬಂದದ್ದು ನೋಡಿ ಗೆದ್ದೆ ಎಂದುಕೊಂಡೆ.

"ಅಕ್ಕನ್ ಮ್ಯಾಲೆ ಎಷ್ಟ್ ಆಸೆ ನೋಡು ನಿಂಗೆ. ಅವ್ಳಿಗೋಸ್ಕರ ಸುಳ್ ಬೇರೆ ಯೋಳ್ತಿದ್ದೀಯ."

"ಸುಳ್ಳಲ್ಲ ಕಣಜ್ಜಿ! ಬೇಕಾರೆ ಕೇಳು."

ಬೆರಳನ್ನು ಮೂಗಿಗಿಟ್ಟು, ಗುಟುರು ಹಾಕಿ, 'ಯೋಳ್ಬಾರ್ದು ಅತ್ತೆಮ್ಮ, ಯೋಳ್ತೀನಿ' ಎಂದು ಶುರುಮಾಡಿ ಇಡ್ಲಿ ಪಾತ್ರೆಯಿಂದ ವಿಭೂತಿಯವರೆಗೆ ಪೂರ್ತಿ ಒಪ್ಪಿಸಿದೆ. ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಪಾಠವನ್ನೂ ಒಪ್ಪಿಸಿರಲಿಲ್ಲ. ಅಜ್ಜಿ ತಲೆ ಓರೆ ಮಾಡಿ, ಕಿವಿಗೊಟ್ಟು, ಕೊನೆಯವರೆಗೂ ಕೇಳಿದಳು.

"ಚೆಂದಾಗ್ ಅಣಕುಸ್ತೀಯ ಕಣ್ ಮೊಗ. ಆದ್ರೆ ನಂಜಪ್ಪನಂಗೆ ಬರಕಿಲ್ಲ. ಅಂವ ಅವತ್ತು ಮಾತಾಡುದ್ನಲ್ಲ, ಆ ಗತ್ತೇ ಬೇರೆ."

ಆ ಗತ್ತೂ ನನ್ನದೇ ಎಂದು ಹೇಗೆ ನಂಬಿಸುವುದು? ಹೊಗಳಿಸಿಕೊಂಡೆನೋ ಬೈಸಿಕೊಂಡೆನೋ ಗೊತ್ತಾಗದೆ ಹೊರಗೆ ಬಂದೆ. ಸೋತದ್ದು ನನ್ನೊಳಗಿನ ತಮ್ಮ, ಆದರೆ ಅವಮಾನವಾದದ್ದು ನನ್ನೊಳಗಿನ ಕಲಾವಿದನಿಗೆ.

ಇನ್ನು ಉಳಿದ ದಾರಿ ಒಂದೇ, ಅಸಲಿ ನಂಜಪ್ಪ ಮಾವನನ್ನೇ ಕರೆತಂದು ನಿಜ ಹೇಳಿಸುವುದು. ಚಾಮರಾಜನಗರಕ್ಕೆ ಹೋಗಿ ಗುಂಡ್ಲುಪೇಟೆಯ ಬಸ್ಸು ಹಿಡಿದೆ. ಗುಂಡ್ಲುಪೇಟೆಯಲ್ಲಿ ಇಳಿದಾಗ ಕೇರಳಕ್ಕೆ ತರಕಾರಿ ಹೊರುವ ಲಾರಿಗಳು ಸಾಲಾಗಿ ನಿಂತಿದ್ದವು. ಎಲೆಕೋಸಿನ ಮೂಟೆಗಳ ನೆರಳಲ್ಲಿ ಒಬ್ಬ ಮಲೆಯಾಳಿ ಡ್ರೈವರು ಪಂಚೆ ಎತ್ತಿ ಕಟ್ಟಿ ಟೀ ಕುಡಿಯುತ್ತಿದ್ದ. ಸಮುದ್ರದ ದಡದವನೇ ಇರಬೇಕೆಂದು ಹೋಗಿ ಕೇಳಿದೆ: ನಿಮ್ಮ ಕಡೆ ಸೆಕೆ ತುಂಬಾ ಇದೆಯೇ? ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಸೆಕೆ ಉಂಡು. ಬೆವರು ಉಂಡು. ಮನುಷ್ಯರೂ ಉಂಡಲ್ಲೋ? ನಿಮ್ಮ ಈ ದಾರೀಲಿ ಆನೆ ಉಂಡು, ಆದ್ರೂ ನಾನು ದಿನಾ ಬರ್ತಿಲ್ವೋ?"

ಅವನ ಕನ್ನಡದಲ್ಲಿ ಅರ್ಧ ಮಲೆಯಾಳ ಬೆರೆತಿದ್ದರೂ, ಅವನ 'ಉಂಡು' ನಮ್ಮ 'ಉಂಟು' ಎಂದು ಹೊಳೆದ ಮೇಲೆ ಮಾತು ಪೂರ್ತಿ ಅರ್ಥವಾಯಿತು. ಬಂಡೀಪುರದ ಆನೆ ದಾಟಿ ಬರುವವನು ಬೆವರಿಗೆ ಹೆದರುತ್ತಾನೆಯೇ? ಅವನನ್ನೇ ಲಾರಿ ಸಮೇತ ಮನೆಗೆ ಕರೆದೊಯ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ನಾನು ಭೀಮನಬೀಡಿಗೆ ಹೋದೆ. ಮಾವ ಹಿತ್ತಲಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಮುಖಮಾಡಿ ಕಂಬಳಿ ಹೊದ್ದು ಕೂತಿದ್ದ, ಬೆಟ್ಟ ಮಂಜಿನಲ್ಲಿ ಇರಲೇ ಇಲ್ಲ. ಅಜ್ಜಿಗೆ ನಿನ್ನ ಬಾಯಿಂದಲೇ ಕರಾವಳಿಯ ವಿಷಯ ಕೇಳಬೇಕಂತೆ ಎಂದೆ. ನಾನು ಮಾಡಿದ್ದನ್ನು ಹೇಳಲಿಲ್ಲ. ಬಸ್ಸಿನಲ್ಲಿ ಮಾವ ದಾರಿಯುದ್ದಕ್ಕೂ ಆ ಊರನ್ನು ಹೊಗಳಿದ. ಸಂಜೆಯಾದರೆ ಸಮುದ್ರದ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತಂತೆ. ಮನೆಯ ಮಾಲೀಕನ ಹೆಂಡತಿ ಬೆಳಿಗ್ಗೆ ಕಂಬ ಹತ್ತುವ ಮುಂಚೆ ಬಿಸಿ ಗಂಜಿ ಕೊಡುತ್ತಿದ್ದಳಂತೆ. ವಾಪಸು ಬರುವ ದಿನ ಅವರ ಮನೆಯ ಮಕ್ಕಳು ಅತ್ತವಂತೆ. 'ನಾನೂ ಒಂದ್ ಚೂರ್ ಅತ್ತೆ ಬುಡು' ಎಂದು ಮಾವ ಕಿಟಕಿಯ ಕಡೆ ತಿರುಗಿ ನಸ್ಯ ಏರಿಸಿದ. ನಾನು ಮನಸ್ಸಿನಲ್ಲೇ ಕುಣಿದಾಡಿದೆ. ಇದನ್ನಷ್ಟು ಹೇಳಿಬಿಡು ಮಾವ, ಸಾಕು!

ಮನೆಗೆ ಬಂದೆವು. ಸುದ್ದಿ ತಿಳಿದು ಜಗಲಿಯ ಮೇಲೆ ಊರಿನ ಹತ್ತು ಜನ ಕೂತಿದ್ದರು. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು.

"ಬಾರಪ್ಪ ನಂಜಪ್ಪ. ಅವತ್ತು ಅರ್ಧಂಬರ್ಧ ಯೋಳ್ಬುಟ್ಟು ಬಸ್ ಬತ್ತದ ಅಂತ ಓಡೋಗ್ಬುಟ್ಟೆ. ಈಬೂತಿ ತೊಟ್ಟಿಕ್ತದ ಅಂದೆಯಲ್ಲ, ಅದ ಬುಡ್ಸಿ ಯೋಳು."

ಮಾವ ತಬ್ಬಿಬ್ಬಾಗಿ ನನ್ನನ್ನು ನೋಡಿದ. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನು ಜಗಲಿಯ ಹತ್ತು ಜನರನ್ನು ನೋಡಿದ. ಹತ್ತು ಜನ ಬಾಯಿ ತೆರೆದು ತನ್ನ ಮಾತಿಗೆ ಕಾಯುತ್ತಿರುವಾಗ 'ನನಗೆ ಗೊತ್ತಿಲ್ಲ, ನಾನು ಹೇಳಿಲ್ಲ' ಎನ್ನುವುದು ನಂಜಪ್ಪ ಮಾವನ ರಕ್ತದಲ್ಲಿರಲಿಲ್ಲ. ಎರಡು ಬೆರಳು ಮೂಗಿಗೆ ಹೋದವು. ಗುಟುರು ಬಂತು.

"ಯೋಳ್ಬಾರ್ದು ಅತ್ತೆಮ್ಮ, ಯೋಳ್ತೀನಿ. ಅವತ್ತು ನೀವು ಎದರ್ಕತ್ತೀರ ಅಂತ ಕಮ್ಮಿ ಮಾಡೇ ಯೋಳಿದ್ದೆ. ಈಬೂತಿ ಓಗ್ಲಿ, ಕೊಳ್ಳಲ್ಲಿರೋ ಲಿಂಗದ್ ದಾರವೇ ಕೊಳ್ತೋಯ್ತದ!"

ಆಮೇಲೆ ಅವನು ಮಾತಾಡಿದ್ದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಲ್ಲಿಯವರೆಗೆ ನಾನು ಅವನನ್ನು ಅಣಕಿಸುತ್ತಿದ್ದೆ, ಅಂದು ಅವನು ನನ್ನನ್ನು ಅಣಕಿಸಲು ಶುರುಮಾಡಿದ್ದ. ಅವನದು ನನಗಿಂತ ಚೆನ್ನಾಗಿಯೇ ಬಂತು ಎಂದು ಒಪ್ಪಿಕೊಳ್ಳಬೇಕು. ಅಮ್ಮ ಅಣ್ಣನಿಗೆ ಹೆಚ್ಚು ಹಾಲು ಹಾಕಿ ಕಾಫಿ ಕೊಟ್ಟಳು. ಅಕ್ಕ ಒಳಗೆ ಹೋಗಿ ಆರ್ಡರಿನ ಕಾಗದವನ್ನು ಸೀರೆಗಳ ಕೆಳಗೆ ಇಟ್ಟು ಪೆಟ್ಟಿಗೆ ಮುಚ್ಚಿದ ಸದ್ದು ನಡುಮನೆಯವರೆಗೂ ಕೇಳಿಸಿತು.

ಒಂಬತ್ತನೇ ದಿನ. ಇನ್ನು ಆರು ದಿನ ಉಳಿದಿತ್ತು, ಅದರಲ್ಲಿ ಎರಡು ದಿನ ಹೋಗಿ ಸೇರುವುದಕ್ಕೇ ಬೇಕು. ತಲೆ ಕೆಟ್ಟಾಗ ನನಗೆ ಹೊಳೆಯುವುದು ಇನ್ನೂ ಕೆಟ್ಟ ಉಪಾಯ. ನಮ್ಮೂರ ಹೊರಗೆ ಆಲೆಮನೆ ಆಗ ಹಗಲೂ ರಾತ್ರಿ ಉರಿಯುತ್ತಿತ್ತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವ ಆ ಚಪ್ಪರದೊಳಗೆ ಒಲೆಯ ಝಳ ಒಂದು ಕಡೆ, ಹಬೆ ಇನ್ನೊಂದು ಕಡೆ. ಒಳಗೆ ಕಾಲಿಟ್ಟವನ ಅಂಗಿ ಬೆನ್ನಿಗೆ ಅಂಟಿಕೊಳ್ಳಲು ನಾಲ್ಕು ಮಾತಾಡುವಷ್ಟು ಹೊತ್ತು ಸಾಕು. ಅಜ್ಜಿಯ ಮುಂದೆ ಹೋಗಿ ಕೂತು ಕೇಳಿದೆ:

"ಅಜ್ಜಿ, ಸಮುದ್ರದ್ ಸೆಕೆ ಆಲೆಮನೆ ಸೆಕೆಗಿಂತ ಜಾಸ್ತಿ ಇದ್ದದಾ?"

ಅಜ್ಜಿ ಯೋಚಿಸಿದಳು. ಜಾಸ್ತಿ ಇರಲಾರದು ಎಂದಳು. ಹಾಗಾದರೆ ಒಂದು ಹೊತ್ತು ಅಲ್ಲಿ ಕೂತು ನೋಡು, ತಡೆದುಕೊಂಡರೆ ಕುಂದಾಪುರ ಎಷ್ಟರದು ಎಂದೆ. ನನ್ನ ಲೆಕ್ಕದಲ್ಲಿ ಅದು ಬರೀ ಮಾತು, ಅಜ್ಜಿ ನಕ್ಕು ಮೆತ್ತಗಾಗಲಿ ಎಂದು. ಅಜ್ಜಿ ಅದನ್ನು ಪಣವೆಂದೇ ಹಿಡಿದುಕೊಂಡಳು.

"ಸರಿ, ಕೂರ್ತೀನಿ. ಬೆಳಿಗ್ಗೆ ಇಟ್ಟ ಈಬೂತಿ ಮಧ್ಯಾನದ್ ಊಟದ್ ಗಂಟ ನಿಂತ್ರೆ ರತ್ನಿ ಜೊತೆ ಓಯ್ತೀನಿ. ಇಲ್ದಿದ್ರೆ ಈ ಮನೇಲಿ ಇನ್ ಯಾರೂ ಆ ಸೀಮೆ ಎಸ್ರು ಎತ್ಕೂಡ್ದು."

ಕಂಬದ ಹಿಂದೆ ನಿಂತು ಕೇಳಿಸಿಕೊಂಡ ಅಕ್ಕ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಇದ್ದ ಒಂದ್ ದಾರೀನೂ ಮುಚ್ಬುಟ್ಯಲ್ಲೋ. ಆಲೆಮನೇಲಿ ಈಬೂತಿ ನಿಂತದಾ?"

ನಿಲ್ಲುವುದಿಲ್ಲ ಎಂದು ನನಗೂ ಅಷ್ಟು ಹೊತ್ತಿಗೆ ಹೊಳೆದಿತ್ತು.

ಮರುದಿನ ಬೆಳಿಗ್ಗೆ ಗಾಡಿ ಕಟ್ಟಿದರು. ಹೊರಗೆ ಕೊರೆಯುವ ಚಳಿ, ಎತ್ತುಗಳ ಮೂಗಿನಿಂದ ಹೊಗೆ. ಮಾಗಿ ಬಂತೆಂದರೆ ಅಜ್ಜಿಯ ಎರಡು ಮಂಡಿಗಳೂ ಮರದ ಕೊರಡಾಗುತ್ತಿದ್ದವು. ಕೂರಿಸಲು ಒಬ್ಬರು ಬೇಕು, ಏಳಿಸಲು ಇಬ್ಬರು. ನಾನೂ ಅಪ್ಪನೂ ಎತ್ತಿ ಗಾಡಿಯಲ್ಲಿ ಕೂರಿಸಿದೆವು, ಆಲೆಮನೆಯ ಮುಂದೆ ಮತ್ತೆ ಎತ್ತಿ ಇಳಿಸಿದೆವು. 'ಮೆಲ್ಲಗ್ ಇಡೀರ್ಲಾ, ನಾನೇನ್ ಗೊಬ್ರದ್ ಮೂಟೆನಾ' ಎಂದು ಅಜ್ಜಿ ಬೈದಳು. ಕೊಪ್ಪರಿಗೆಯಿಂದ ನಾಲ್ಕು ಮಾರು ದೂರದಲ್ಲಿ ಹಲಗೆ ಹಾಕಿ ಅಜ್ಜಿಯನ್ನು ಕೂರಿಸಿ, ಅಪ್ಪ ಊಟದ ಹೊತ್ತಿಗೆ ಬರುತ್ತೇನೆಂದು ಹೊಲಕ್ಕೆ ಹೋದ. ಅಕ್ಕ ಪಕ್ಕದಲ್ಲಿ ಕೂತಳು. ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುತ್ತಿದ್ದ ಕೆಂಪಯ್ಯ ಇದೇನು ವ್ರತ ಎಂದು ಕೇಳಿದ. ಹೇಳಿದೆ. ಅವನು ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟು ನಕ್ಕ.

"ಅಯ್ಯೋ ನಮ್ಮವ್ವ, ನಾನು ಇಪ್ಪತ್ತೊರ್ಷದಿಂದ ಸಮುದ್ರದಲ್ಲೇ ಇವ್ನಿ ಅನ್ನು!"

ಮೊದಲನೆಯ ಗೆರೆ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇರೆ ದಿನವಾಗಿದ್ದರೆ ರೇಡಿಯೋದ ಕ್ರಿಕೆಟ್ ಕಾಮೆಂಟರಿಯವನಂತೆ ಒಂದೊಂದೇ ಗೆರೆ ಔಟಾಗುವುದನ್ನು ಹೇಳಿ ಊರನ್ನು ನಗಿಸುತ್ತಿದ್ದೆ. ಅಂದು ಒಂದೊಂದು ಗೆರೆಯನ್ನೂ ಮನಸ್ಸಿನಲ್ಲೇ ಎಣಿಸಿದೆ. ಎರಡನೆಯ ಗೆರೆ ಹುಬ್ಬಿನ ಮೇಲೆ ಹರಿಯಿತು. ಮೂರನೆಯದು ಎಡಗಡೆ ಒಂದು ಚೂರು ನಿಂತಿತ್ತು, ಕೆಂಪಯ್ಯ ಒಲೆಗೆ ಒಂದು ಹೊರೆ ಸಿಪ್ಪೆ ತಳ್ಳಿದ, ಅದೂ ಹೋಯಿತು. ನಾನು ಮನೆಯಿಂದ ಬರುವಾಗಲೇ ಒಂದು ವಿಭೂತಿ ಗಟ್ಟಿಯನ್ನು ಜೇಬಿಗೆ ಹಾಕಿಕೊಂಡಿದ್ದೆ. ಅಜ್ಜಿ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಳು. ಗಟ್ಟಿ ತೆಗೆದು ಅಕ್ಕನ ಮುಂದೆ ಹಿಡಿದು, ಮೆಲ್ಲಗೆ ಎಳೆದುಬಿಡು ಎಂದು ಸನ್ನೆ ಮಾಡಿದೆ. ಯಾರಿಗೆ ಗೊತ್ತಾಗುತ್ತದೆ? ಅಕ್ಕ ನನ್ನ ಕೈ ತಳ್ಳಿದಳು.

"ಅಜ್ಜಿಗ್ ಕಾಣಕಿಲ್ಲ ಅಂತ ನೀನ್ ಒಂದ್ಸಲ ಮಾಡಿದ್ದೇ ಸಾಕು ಕಣ್ಲಾ."

ಅವಳ ಎರಡು ವರ್ಷದ ಓದು ಅಜ್ಜಿಯ ಹಣೆಯಿಂದ ಇಳಿದು ಹೋಗುತ್ತಿತ್ತು, ಅದನ್ನು ಉಳಿಸಿಕೊಳ್ಳಲು ಮೂರು ಬೆರಳು ಸಾಕಾಗಿತ್ತು, ಅವಳು ಕೈ ಎತ್ತಲಿಲ್ಲ. ಬೇರೆಯವರನ್ನು ಅಣಕಿಸುವ ಚಾಳಿ ನನಗೆ ಈಗಲೂ ಬಿಟ್ಟಿಲ್ಲ. ಆದರೆ ಅಂದಿನಿಂದ ಯಾರನ್ನು ಅಣಕಿಸಿದರೂ ಅವರ ಕಣ್ಣೆದುರಿಗೇ, ಅವರೇ ಮೊದಲು ನಗುವಂತೆ ಮಾಡುತ್ತೇನೆ. ಆ ಗಟ್ಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಆಲೆಮನೆಯ ಹೊರಗೆ ಹೋಗಿ, ಕಬ್ಬಿನ ಜಲ್ಲೆಗಳ ರಾಶಿಯ ಮೇಲೆ ಕೂತೆ. ಅಲ್ಲಿ ಮೂಗೊರೆಸಿಕೊಂಡವನ ದನಿಯನ್ನು ನಾನು ಇವತ್ತಿಗೂ ಅಣಕಿಸಲಾರೆ.

ಹೊತ್ತು ನೆತ್ತಿಗೆ ಬಂದಾಗ ಅಪ್ಪ ಬಂದ. ಅಮ್ಮನೂ ಬುತ್ತಿ ಹೊತ್ತು ಬಂದಿದ್ದಳು. ಕೆಂಪಯ್ಯನೂ ಬೆಲ್ಲ ಅಚ್ಚಿಗೆ ಹೊಯ್ಯುತ್ತಿದ್ದವರೂ ಕೆಲಸ ನಿಲ್ಲಿಸಿ ಸುತ್ತ ನಿಂತರು. ಎಲ್ಲರ ಕಣ್ಣೂ ಅಜ್ಜಿಯ ಹಣೆಯ ಮೇಲೆ. ಹಣೆ ತೊಳೆದಿಟ್ಟ ತಟ್ಟೆಯಂತಿತ್ತು. ಅಮ್ಮ 'ತ್ಚು' ಎಂದಳು. ಅಕ್ಕ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಅಜ್ಜಿ ಎಚ್ಚರವಾಗಿ, ಸೆರಗಿನಿಂದ ಕತ್ತು ಒರೆಸಿಕೊಂಡು, ಹಲಗೆಯ ಮೇಲೆ ಕೈಯೂರಿ ಎದ್ದು ನಿಂತಳು. ನಿಂತು, ಬಲಗಾಲನ್ನು ಒಂದು ಸಲ ಮಡಿಸಿ ನೋಡಿದಳು. ಎಡಗಾಲನ್ನು ಮಡಿಸಿ ನೋಡಿದಳು. ಆಮೇಲೆ ಸಿಪ್ಪೆಯ ರಾಶಿಯನ್ನು ಬಳಸಿಕೊಂಡು ಗಾಡಿಯ ಕಡೆಗೆ ನಡೆಯತೊಡಗಿದಳು. ಅವಳನ್ನು ಯಾರೂ ಹಿಡಿದುಕೊಂಡಿಲ್ಲ ಎನ್ನುವುದು ಮೊದಲು ಹೊಳೆದದ್ದು ನನಗೆ, ಏಕೆಂದರೆ ಏಳಿಸಬೇಕಾದ ಇಬ್ಬರಲ್ಲಿ ಒಬ್ಬನಾದ ನಾನು ಇನ್ನೂ ಜಲ್ಲೆಯ ಮೇಲೇ ಕೂತಿದ್ದೆ. ಅಜ್ಜಿ ನಾನು ಮೂಗೊರೆಸುವ ಸದ್ದು ಹಿಡಿದು ಬಂದು ನನ್ನ ಮುಂದೆ ನಿಂತಳು.

"ಜೇಬಲ್ಲಿರೋ ಗಟ್ಟಿ ಕೊಡ್ಲಾ ಇತ್ತಗೆ."

ಅವಳು ತೂಕಡಿಸುವಾಗಲೂ ಕಿವಿ ಎಚ್ಚರವಾಗಿಯೇ ಇತ್ತು, ಅಕ್ಕ ನನಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಕೊಟ್ಟೆ. ಅಲ್ಲೇ ಇದ್ದ ಬಿಂದಿಗೆಯ ನೀರಿನಲ್ಲಿ ಮುಖ ತೊಳೆದು, ನೀರಲ್ಲಿ ಗಟ್ಟಿಯನ್ನು ತೇಯ್ದು, ಹಣೆಗೆ ಮೂರು ಗೆರೆ ಎಳೆದುಕೊಂಡಳು. ಮೀಯಲಿಲ್ಲ, ಮಣೆ ಹಾಕಲಿಲ್ಲ. 'ಬುತ್ತಿ ಬಿಚ್ಚಮ್ಮಿ, ಅಸೀತದ. ಉಂಡು ಮನ್ಗೆ ಓಗನ, ರತ್ನಿ ಬಟ್ಟೆ ಬರೆ ಕಟ್ಬೇಕು' ಎಂದಳು. ಅಪ್ಪ ಇನ್ನೂ ಪಣದಲ್ಲೇ ಸಿಕ್ಕಿಕೊಂಡಿದ್ದ. ತಾಯಿ ಮಾತು ತಪ್ಪಿದಳೆಂದು ನಾಳೆ ಊರು ಆಡಿಕೊಂಡರೆ ಎಂಬ ಅಳುಕು ಅವನಿಗೆ.

"ಅಲ್ಲಕಣವ್ವ, ಬೆಳಿಗ್ಗೆ ಇಟ್ಟಿದ್ದ ಈಬೂತಿ ಓಗ್ಬುಡ್ತಲ್ಲ?"

ಅಜ್ಜಿ ಗಾಡಿಯ ಮೂಕಿ ಹಿಡಿದು, ಒಂದು ಕಾಲನ್ನು ಮೇಲಿಟ್ಟು, ತಿರುಗಿದಳು.

"ಈಬೂತಿ ಓದ್ರೆ ಇನ್ನೊಂದ್ಸಲ ಬಳ್ಕತೀನಿ ಕಣ್ಲಾ. ಮಂಡಿ ಓದ್ರೆ ನಿಮ್ಮಪ್ಪ ಎದ್ ಬಂದು ತಂದ್ಕೊಟ್ಟನಾ?"